ನೀರಿಲ್ಲದ ನೀರಿನಲ್ಲಿ ಏರಿಯಲ್

2022ರ ಸೆಪ್ಟೆಂಬರ್ 10, ಶನಿವಾರ. ಅಮೆರಿಕದಲ್ಲಿ ಡಿಸ್ನಿ ಕಂಪನಿ ನಡೆಸುವ ಡಿ23 ಸಮಾವೇಶದಲ್ಲಿ ಹಿಂದಿನ ದಿನ ತೋರಿಸಿದ ‘ದಿ ಲಿಟಲ್ ಮರ್ಮೇಡ್’ ಚಿತ್ರದ ಟೀಸರ್ ಇಲ್ಲಿ ಬೆಳಗಾಗುವಷ್ಟರಲ್ಲಿ ಫೋನುಗಳಿಗೆ ಬಂದಿತ್ತು. ಏರಿಯಲ್ ಎಂಬ ಮತ್ಸ್ಯಕನ್ಯೆಯ ಕಥೆಯ ಹಳೆಯ ಡಿಸ್ನಿ ಕಾರ್ಟೂನನ್ನು ನಟರನ್ನಿಟ್ಟು ಮತ್ತೆ ತೆಗೆದ ಚಿತ್ರ ಅದು. ಟೀಸರ್ ಒಂದೂವರೆ ನಿಮಿಷ ಕೂಡ ಇಲ್ಲದ ತುಣುಕು. ಏರಿಯಲ್ ಆದ ನಟಿ ಹ್ಯಾಲಿ ಬೈಲಿಯ ಮುಖ ನೆಟ್ಟಗೆ ಕಾಣುವುದು ಕೊನೆಗೆ, ಹಾಡಿನ ಸಾಲು ಬರುವಾಗ ಮಾತ್ರ. ಅಷ್ಟಕ್ಕೇ ಎರಡು ಜಗಳ ಒಟ್ಟಿಗೆ ಹೊತ್ತಿಕೊಂಡವು. ಏರಿಯಲ್ ಪಾತ್ರಕ್ಕೆ ಕಪ್ಪು ಹುಡುಗಿಯೇ ಎಂಬುದು ಒಂದು. ಸಮುದ್ರವೆಲ್ಲ ಮಂಕು, ಗ್ರಾಫಿಕ್ಸ್ ಕಳಪೆ ಎಂಬುದು ಇನ್ನೊಂದು. ದಿನ ಕಳೆಯುವುದರೊಳಗೆ ಎರಡೂ ಕಲಸಿಹೋದವು. ಕೂದಲು ಯಾಕೆ ಹೀಗಿದೆ ಎಂದು ಸುಮ್ಮನೆ ಕೇಳಿದವನ ಮೇಲೂ ಜನಾಂಗದ್ವೇಷದ ಆರೋಪ ಬಂತು. ಬಣ್ಣ ಕಂಡು ಉರಿದುಕೊಂಡವನು ‘ನಾನು ಹೇಳಿದ್ದು ವಿಎಫ್‌ಎಕ್ಸ್ ಬಗ್ಗೆ’ ಎಂದು ಜಾರಿಕೊಂಡ.

ಬಣ್ಣದ ಜಗಳ ಹಳೆಯದು, ಹ್ಯಾಲಿ ಹೆಸರು ಪ್ರಕಟವಾದ 2019ರ ಜುಲೈನಿಂದಲೂ ಇತ್ತು. ‘ಮೂಲಕ್ಕೆ ನಿಷ್ಠೆ’ ಎಂದವರು ಯಾವ ಮೂಲ ಎಂದು ಹೇಳಲಿಲ್ಲ. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಮೂಲ ಕಥೆಯಲ್ಲಿ ಆಕೆಗೆ ರಾಜಕುಮಾರ ಸಿಗುವುದೇ ಇಲ್ಲ, ನೊರೆಯಾಗಿ ಕರಗುತ್ತಾಳೆ. ಅದನ್ನು ವಾಪಸ್ ತನ್ನಿ ಎಂದು ಯಾರೂ ಗಲಾಟೆ ಮಾಡಲಿಲ್ಲವಲ್ಲ! ಆಳ ಸಮುದ್ರಕ್ಕೆ ಬಿಸಿಲು ತಲುಪದು, ಹಾಗಾಗಿ ಕಪ್ಪು ಚರ್ಮ ಅವೈಜ್ಞಾನಿಕ ಎಂಬ ವಾದವೂ ಬಂತು. ವಿಜ್ಞಾನ ಹಿಡಿದು ಹೊರಟರೆ ಮೊದಲು ಹೋಗುವುದು ಏರಿಯಲ್‌ಳ ಕೆಂಪು ಕೂದಲು. ಬಣ್ಣಗಳಲ್ಲಿ ಕೆಂಪನ್ನೇ ನೀರು ಬೇಗ ನುಂಗುತ್ತದೆ. 5ರಿಂದ 10 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ವಸ್ತು ಕಂದಾಗಿ, ಬೂದಾಗಿ ಕಾಣುತ್ತದೆ. ಕೂದಲು ಕೆಂಪಾಗಿಯೇ ಇರಬೇಕೆಂದರೆ ಅದಕ್ಕೆ ಬೇರೆ ಮ್ಯಾಟ್ (ಚಿತ್ರದ ಒಂದು ಭಾಗವನ್ನಷ್ಟೇ ಬೇರ್ಪಡಿಸುವ ಮುಸುಕು) ತೆಗೆದು, ಆ ಜಾಗದಲ್ಲಿ ಮಾತ್ರ ನೀರಿನ ನೀಲಿಯನ್ನು ತಗ್ಗಿಸಬೇಕು.

ಕಾಂಪೋಸಿಟಿಂಗ್, ಅಂದರೆ ಬೇರೆ ಬೇರೆ ತುಣುಕುಗಳನ್ನು ಒಂದೇ ಚಿತ್ರವಾಗಿ ಜೋಡಿಸುವ ಕೆಲಸ ಮಾಡುವವರು ಇಂಥ ಟೀಸರನ್ನು ಓಡಿಸಿ ನೋಡುವುದಕ್ಕಿಂತ ಫ್ರೇಮ್ ಫ್ರೇಮಾಗಿ ನಿಲ್ಲಿಸಿ ನೋಡುವುದೇ ಹೆಚ್ಚು. ಕಣ್ಣು ಮೊದಲು ಹೋಗುವುದು ಹಣೆಗೂ ಕೂದಲಿಗೂ ನಡುವಿನ ಗೆರೆಗೆ. ಈ ಚಿತ್ರದ ನೀರೊಳಗಿನ ದೃಶ್ಯಗಳು ‘ಡ್ರೈ ಫಾರ್ ವೆಟ್’, ಅಂದರೆ ಒಣ ಸ್ಟುಡಿಯೋದಲ್ಲಿ ತೆಗೆದವು. ಮುಳುಗಿಕೊಂಡು ಹಾಡಲು ಆಗದು, ಕಣ್ಣು ಬಿಟ್ಟು ಅಭಿನಯಿಸುವುದೂ ಕಷ್ಟ. ಹಾಗಾಗಿ ನಟಿಯನ್ನು ನೀಲಿ ಪರದೆಯ ಮುಂದೆ ತಂತಿಯಲ್ಲಿ ತೂಗುಹಾಕುತ್ತಾರೆ, ಇಲ್ಲವೇ ‘ಟ್ಯೂನಿಂಗ್ ಫೋರ್ಕ್’ ಎಂಬ ಕವಲುತೋಳು ಸೊಂಟವನ್ನು ಎರಡೂ ಬದಿಯಿಂದ ಹಿಡಿಯುತ್ತದೆ, ಆಪರೇಟರುಗಳು ಅದನ್ನು ತಿರುಗಿಸುತ್ತಾರೆ, ಓಲಾಡಿಸುತ್ತಾರೆ. ಏನು ಮಾಡಿದರೂ ಭೂಮಿ ಕೆಳಗೆ ಎಳೆಯುತ್ತಲೇ ಇರುತ್ತದೆ: ಹೊಟ್ಟೆ ಬಿಗಿಯುತ್ತದೆ, ಕತ್ತಿನ ಸ್ನಾಯು ಎದ್ದು ಕಾಣುತ್ತದೆ, ಪಟ್ಟಿ ಬಿಗಿದಲ್ಲಿ ಮೈ ಒತ್ತಿಹೋಗುತ್ತದೆ. ಇಂಥ ಎಷ್ಟೋ ಶಾಟ್‌ಗಳಲ್ಲಿ ಮುಖ ಒಂದನ್ನು ಉಳಿಸಿಕೊಂಡು ಕತ್ತಿನ ಕೆಳಗೆ ಸಿಜಿ (ಕಂಪ್ಯೂಟರಿನಲ್ಲಿ ಮಾಡಿದ) ದೇಹ ಕೂರಿಸುವುದು ಇದಕ್ಕೇ. ನಟಿಯ ಚಲನೆಗೆ ಆ ದೇಹವನ್ನು ಹೊಂದಿಸುವ ಮ್ಯಾಚ್‌ಮೂವ್‌ನಲ್ಲಿ ಒಂದೆರಡು ಪಿಕ್ಸೆಲ್ ಜಾರಿದರೂ ತಲೆ ಬೇರೆ, ಮೈ ಬೇರೆ ಎಂದು ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ, ಕಾರಣ ಹೇಳಲು ಬಾರದಿದ್ದರೂ. ಆ ಹಣೆಗೆರೆಯ ರೋಟೊ (ಫ್ರೇಮ್ ಫ್ರೇಮಿಗೂ ಅಂಚಿಗೆ ಗೆರೆ ಎಳೆದು ಬೇರ್ಪಡಿಸುವುದು), ತಂತಿ ಅಳಿಸುವ ಪೇಂಟ್ ಇವೆಲ್ಲ ಹಾಲಿವುಡ್ ಚಿತ್ರಗಳಿಗೆ ಬಹಳಷ್ಟು ನಡೆಯುವುದು ಬೆಂಗಳೂರು, ಹೈದರಾಬಾದ್, ಮುಂಬೈಗಳಲ್ಲೇ. ಕ್ರೆಡಿಟ್ಸ್ ಉರುಳುವಾಗ ಎದ್ದುಹೋಗದೆ ಕೂತರೆ ಹೆಸರುಗಳಲ್ಲೇ ತಿಳಿಯುತ್ತದೆ.

ಇನ್ನು ಕೂದಲು. ಹ್ಯಾಲಿಯದು ಲಾಕ್ಸ್, ಅಂದರೆ ಹೆಣೆದುಕೊಂಡ ಜಡೆಗಳು. ಪಾತ್ರಕ್ಕೆ ನಟಿಯನ್ನು ಆರಿಸಿದ ದಿನವೇ ಕೂದಲಿನ ಸಿಮ್ಯುಲೇಷನ್ (ಕಂಪ್ಯೂಟರ್ ಲೆಕ್ಕ ಹಾಕಿ ಮಾಡಿಸುವ ಚಲನೆ, ಚಿಕ್ಕದಾಗಿ ‘ಸಿಮ್’) ಯಾವ ಬಗೆಯದು ಎಂಬುದೂ ತೀರ್ಮಾನವಾದಂತೆ. ಬಿಡಿ ಕೂದಲು ನೀರಲ್ಲಿ ಹೊಗೆಯ ಹಾಗೆ ಹರಡುತ್ತದೆ. ಜಡೆ ಹಾಗಲ್ಲ, ಬುಡದಲ್ಲಿ ಬಿರುಸು, ತುದಿಯಲ್ಲಿ ಮೆದು. ಪ್ರತಿ ಜಡೆಗೂ ಒಂದು ಗೈಡ್ ಕರ್ವ್ (ದಾರಿ ತೋರುವ ಗೆರೆ) ಇಟ್ಟು, ಸುತ್ತ ಸಾವಿರಾರು ಎಳೆ ಕಟ್ಟಿ, ಜಡೆ ಜಡೆಗೂ ಭುಜಕ್ಕೂ ಕೊಲಿಶನ್ (ಒಂದರೊಳಗೊಂದು ತೂರದಂತೆ ತಡೆ) ಹಾಕಬೇಕು. ಗುರುತ್ವ ಸೊನ್ನೆಗೆ ಹತ್ತಿರ, ಡ್ರ್ಯಾಗ್ (ನೀರಿನ ತಡೆ) ಜಾಸ್ತಿ. ಶಾಟ್ ಶುರುವಾಗುವ ಮೊದಲೇ ಮೂವತ್ತು, ನಲವತ್ತು ಫ್ರೇಮ್ ಸಿಮ್ ಓಡಿಸಿಕೊಂಡಿರಬೇಕು, ಇಲ್ಲದಿದ್ದರೆ ಮೊದಲ ಫ್ರೇಮಿನಲ್ಲಿ ಕೂದಲು ಬೆಚ್ಚಿಬಿದ್ದಂತೆ ಹಾರುತ್ತದೆ. ತಲೆ ತಿರುಗಿದೊಡನೆ ಜಡೆಯೂ ತಿರುಗಿದರೆ ಅಂಟಿಸಿದ ವಿಗ್ ಆಗುತ್ತದೆ, ಆದ್ದರಿಂದ ಸ್ವಲ್ಪ ಹಿಂದೆ ಉಳಿಯಬೇಕು. ತಮಾಷೆಯೆಂದರೆ, ಪೂರ್ತಿ ಸರಿಯಾದ ಭೌತಶಾಸ್ತ್ರವೂ ಕೆಲಸಕ್ಕೆ ಬಾರದು. ವೇಗವಾಗಿ ಈಜುವವಳ ಕೂದಲು ತಲೆಗೆ ಅಂಟಿ ಹಿಂದಕ್ಕೆ ಹರಿಯುತ್ತದೆ, ಮುಂದಿನಿಂದ ನೋಡಿದರೆ ಬೋಳುತಲೆ. ನಿರ್ದೇಶಕನಿಗೆ ಬೇಕಾದದ್ದು ಮುಖದ ಸುತ್ತ ತೇಲುವ ಪ್ರಭಾವಳಿ. ಹಾಗಾಗಿ ಸಿಮ್‌ಗೆ ಗಾಳಿ ಊದಿ ಕೂದಲನ್ನು ಎತ್ತುತ್ತಾರೆ, ಅಲ್ಲಿಗೆ ಅದು ದೇಹದ ವೇಗಕ್ಕೆ ಹೊಂದುವುದಿಲ್ಲ. ‘ಏನೋ ಸರಿಯಿಲ್ಲ’ ಎಂದ ಪ್ರೇಕ್ಷಕರ ಆಕ್ಷೇಪ ಹುಟ್ಟುವುದು ಇಂಥ ಕಡೆ, ಮತ್ತು ಅದು ನ್ಯಾಯವಾದ ಆಕ್ಷೇಪ.

ಚರ್ಮದ್ದೂ ಒಂದು ವಿಷಯವಿದೆ, ಅದು ಎರಡೂ ಜಗಳದವರ ಕಣ್ಣು ತಪ್ಪಿಸಿಕೊಂಡಿತು. ನೀಲಿ ಪರದೆಯ ಮುಂದೆ ನಿಂತ ಯಾರ ಮೈಗೂ ನೀಲಿ ಹೊಳಪು ಹೊಡೆಯುತ್ತದೆ. ಅದನ್ನು ತೆಗೆಯುವ ಡೀಸ್ಪಿಲ್‌ನ ಸಾಮಾನ್ಯ ಸೂತ್ರ, ನೀಲಿಯನ್ನು ಕೆಂಪು-ಹಸಿರಿನ ಸರಾಸರಿಗಿಂತ ಮೇಲೇರಲು ಬಿಡದಿರುವುದು. ಕಪ್ಪು ಚರ್ಮದಲ್ಲಿ ಕೆನ್ನೆ, ಮೂಗು, ಭುಜದ ಆಕಾರ ಹೇಳುವುದೇ ಆ ಹೊಳಪು. ಇಡೀ ಮೈಗೆ ಒಂದೇ ಸೂತ್ರ ಹಾಕಿದರೆ ಹೊಳಪೂ ಹೋಗಿ ಮುಖ ಚಪ್ಪಟೆಯಾಗುತ್ತದೆ. ಅಂಚಿಗೆ ಒಂದು ಮ್ಯಾಟ್, ಹೊಳಪಿಗೆ ಒಂದು ಮ್ಯಾಟ್ ಮಾಡಿಕೊಂಡು, ತೆಗೆದ ನೀಲಿಯ ಪ್ರಕಾಶವನ್ನಷ್ಟೇ ಸಮುದ್ರದ ಬಣ್ಣದಲ್ಲಿ ಹಿಂದಕ್ಕೆ ಸೇರಿಸಬೇಕು. ಸೆಟ್ಟಿನಲ್ಲೇ ಮೇಲಿನಿಂದ ಅಥವಾ ಪಕ್ಕದಿಂದ ಅಂಚುಬೆಳಕು ಕೊಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಕೊಟ್ಟಿಲ್ಲದಿದ್ದರೆ ಕಾಂಪೋಸಿಟಿಂಗ್‌ನಲ್ಲಿ ಎಷ್ಟು ಒದ್ದಾಡಿದರೂ ಅಷ್ಟಕ್ಕಷ್ಟೇ.

ಮಂಕಿನ ದೂರಿಗೆ ಅರ್ಧ ಕಾರಣ ಫೋನು. ಸಿನಿಮಾ ಮಂದಿರದ ಪರದೆ 48 ನಿಟ್ಸ್ (ಪ್ರಕಾಶದ ಅಳತೆ) ಬೆಳಕಿನದು, ಸುತ್ತ ಪೂರ್ತಿ ಕತ್ತಲು. ಆ ಕತ್ತಲಿಗೆ ಹೊಂದಿಸಿದ ಚಿತ್ರವನ್ನು ಬಿಸಿಲಲ್ಲಿ ನಿಂತು ನೋಡಿದರೆ ಕತ್ತಲಾಗಿಯೇ ಕಾಣುತ್ತದೆ. ಸಾಲದ್ದಕ್ಕೆ ನೀರಲ್ಲಿ ತೇಲಿಬಿಟ್ಟ ಸಣ್ಣ ಕಣಗಳು ವಿಡಿಯೋ ಕಂಪ್ರೆಷನ್‌ನ ಬಿಟ್‌ರೇಟನ್ನೆಲ್ಲ (ಪ್ರತಿ ಸೆಕೆಂಡಿಗೆ ಸಿಗುವ ಡೇಟಾ) ತಿಂದು, ಹಿಂದಿನ ನೀಲಿ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಕಣ ತೆಗೆದರೆ ನೀರೇ ಇಲ್ಲ, ಗಾಳಿಯಲ್ಲಿ ನೇತಾಡುತ್ತಿದ್ದಾಳೆ ಅನ್ನಿಸುತ್ತದೆ. ಚಿತ್ರದ ಬಿಡುಗಡೆಗೆ ಆಗಿನ್ನೂ ಎಂಟು ತಿಂಗಳಿತ್ತು (ತೆರೆಕಂಡದ್ದು 2023ರ ಮೇ 26), ಅಷ್ಟು ಮುಂಚಿನ ಟೀಸರ್‌ಗಳಲ್ಲಿ ಪೂರ್ತಿಯಾಗದ ಶಾಟ್ ಹೋಗುವುದೂ ಸಾಮಾನ್ಯ.

ಪಾತ್ರಹಂಚಿಕೆಯಲ್ಲಿ ನಿಜವಾದ ತಪ್ಪು ಬೇರೆ ಕಡೆ ಇತ್ತು, ಮೀನಿನಲ್ಲಿ. 2023ರ ಏಪ್ರಿಲ್‌ನಲ್ಲಿ ಪೋಸ್ಟರ್ ಬಂದಾಗ ಜನ ಏರಿಯಲ್‌ಳ ಗೆಳೆಯ ಮೀನು ಫ್ಲೌಂಡರ್‌ನನ್ನು ನೋಡಿ ನಕ್ಕರು. ಥೇಟ್ ಮೀನು: ಕಣ್ಣು ತಲೆಯ ಎರಡು ಬದಿಗೆ, ರೆಪ್ಪೆಯಿಲ್ಲ, ಹುಬ್ಬಿಲ್ಲ, ಎರಡೂ ಕಣ್ಣು ಒಟ್ಟಿಗೆ ಕ್ಯಾಮೆರಾ ನೋಡಲಾರವು. ಭಯ, ನಾಚಿಕೆ ತೋರಿಸಲು ಅನಿಮೇಟರ್‌ಗೆ ಉಳಿಯುವುದು ಬಾಯಿ ಮತ್ತು ರೆಕ್ಕೆ. ಏಡಿ ಸೆಬಾಸ್ಟಿಯನ್ ಪರವಾಗಿಲ್ಲ, ಕಣ್ಣು ಕಡ್ಡಿಯ ಮೇಲಿರುವುದರಿಂದ ಓರೆ ಮಾಡಿ, ಕುಗ್ಗಿಸಿ ಭಾವ ತೆಗೆಯಬಹುದು. ಜಾಣತನ ಕಂಡದ್ದು ಸ್ಕಟಲ್ ಎಂಬ ಹಕ್ಕಿಯ ಪಾತ್ರದಲ್ಲಿ. ಕಾರ್ಟೂನಿನ ಗಲ್ ಹಕ್ಕಿಯನ್ನು ಬಿಟ್ಟು ಗ್ಯಾನೆಟ್ ಮಾಡಿದರು. ಗ್ಯಾನೆಟ್ ನಿಜಕ್ಕೂ ನೀರಿಗೆ ಧುಮುಕಿ ಮೀನು ಹಿಡಿಯುವ ಹಕ್ಕಿ, ಹಾಗಾಗಿ ನೀರೊಳಗೇ ಏರಿಯಲ್ ಜೊತೆ ಮಾತಾಡಿಸಲು ಸಾಧ್ಯವಾಯಿತು. ಫ್ಲೌಂಡರ್‌ಗೂ ಅಷ್ಟೇ ತಲೆ ಓಡಿಸಿದ್ದರೆ ಬ್ಲೆನ್ನಿ ಜಾತಿಯ ಮೀನು ಸಿಗುತ್ತಿತ್ತು. ಕಣ್ಣು ತಲೆಯ ಮೇಲ್ಭಾಗದಲ್ಲಿ, ದಪ್ಪ ತುಟಿ, ಕೆಲವಕ್ಕೆ ಕಣ್ಣಿನ ಮೇಲೆ ಹುಬ್ಬಿನಂಥ ಕುಚ್ಚೂ ಇರುತ್ತದೆ.