ಒಟ್ಟಿದ್ದೋ ಒಡೆದದ್ದೋ

2025 ಜನವರಿ 12, ಭಾನುವಾರ, ರಾತ್ರಿ

ಕ್ಯಾಮೆರಾ ಬ್ಯಾಗಿನಲ್ಲಿ ಇನ್ನೂ ಮರಳಿದೆ. ಲೆನ್ಸಿನ ಮೇಲೆ ಉಪ್ಪು ಕೂತಿದೆ. ಒರೆಸಬೇಕು. ನಾಳೆ.

ಬೆಳಿಗ್ಗೆ ಮಲ್ಪೆ, ಅಲ್ಲಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ. ಭಾನುವಾರ ಹೋಗಿದ್ದೇ ತಪ್ಪು. ಒಂದೊಂದು ಕಲ್ಲುಕಂಬದ ಮೇಲೂ ಒಬ್ಬೊಬ್ಬರು ಸೆಲ್ಫಿಗೆ ನಿಂತಿದ್ದರು. ಕಾವಲಿನವರು ಸೀಟಿ ಊದಿ ಊದಿ ಸುಸ್ತಾಗಿದ್ದರು. ಜನ ಇಲ್ಲದ ಒಂದು ಮೂಲೆ ಸಿಗುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸಿಕ್ಕ ಮೇಲೆ ಟ್ರೈಪಾಡ್ ಊರಿ, ಹತ್ತಿರದ ಕಲ್ಲಿನಿಂದ ದೂರದ ಕಲ್ಲಿನವರೆಗೆ ಫೋಕಸ್ ಸರಿಸುತ್ತಾ ಒಂಬತ್ತು ಫೋಟೋ ತೆಗೆದೆ. ಮನೆಗೆ ಬಂದು ಒಂಬತ್ತನ್ನೂ ಸೇರಿಸಿ ಒಂದು ಮಾಡುವುದು. ಎಲ್ಲವೂ ಸ್ಪಷ್ಟ ಬರುತ್ತದೆ. ಅದಕ್ಕೂ ಫೋಕಸ್ ಸ್ಟ್ಯಾಕಿಂಗ್, ಅಂದರೆ ಫೋಕಸ್ ಪೇರಿಸುವುದು ಅಂತಲೇ ಹೆಸರು, ನೋಡಿ. ಆದರೆ ಅಲೆ ಎಲ್ಲಿ ಸುಮ್ನೆ ನಿಲ್ಲುತ್ತದೆ? ಕಲ್ಲೆಲ್ಲ ಚಂದ ಬಂದಿದೆ, ಸಮುದ್ರ ಮಾತ್ರ ದೆವ್ವ ಹೊಕ್ಕ ಹಾಗಿದೆ.

ಒಂದರ ಮೇಲೊಂದು ಪೇರಿಸಿದ್ದರ ಫೋಟೋಗಳಿಗೆ ಅಂತಲೇ ನನ್ನದೊಂದು 'ಅಡಕಲು' ಫೋಲ್ಡರ್ ಇದೆ. ಮೂರು ವರ್ಷದ ಹಿಂದೆ ದೊಡ್ಡಪ್ಪನ ಮನೆ ಅಟ್ಟದಲ್ಲಿ ಒಂದರೊಳಗೊಂದು ಕೂತಿದ್ದ ಕೊಪ್ಪರಿಗೆ, ಹಂಡೆ, ಚರಿಗೆಗಳ ಫೋಟೋದಿಂದ ಶುರುವಾಗಿದ್ದು. ಆಮೇಲೆ ಅದೊಂದು ಹುಚ್ಚು. ಹಳೇ ಮನೆ ಕಿತ್ತಾಗ ಗೋಡೆಗೆ ಒರಗಿಸಿಟ್ಟ ಮಂಗಳೂರು ಹಂಚು, ಬಂದರಿನಲ್ಲಿ ಆಳೆತ್ತರಕ್ಕೆ ಪೇರಿಸಿದ ಮೀನಿನ ಬುಟ್ಟಿ, ಹೋಟೆಲಿನ ಇಡ್ಲಿ ತಟ್ಟೆ, ಹಂಪಿಯ ಬಂಡೆ, ಬೈಹುಲ್ಲಿನ ಕುತ್ರಿ (ಬಣವೆ), ಗೂಡ್ಸ್ ರೈಲು. ಒಂದರ ಮೇಲೊಂದು ಕಂಡರೆ ಸಾಕು, ಗಾಡಿ ನಿಲ್ಲಿಸುತ್ತೇನೆ. ಮನೆಯಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ. ದೊಡ್ಡಪ್ಪನಿಗೆ ಮಾತ್ರ ಆಗಿಲ್ಲ.

ಮಧ್ಯಾಹ್ನ ದೊಡ್ಡಪ್ಪನ ಮನೆಯಲ್ಲೇ ಊಟ. ಊಟ ಆಗಿ ಜಗಲಿಯಲ್ಲಿ ಕೂತಿದ್ದಾಗ ಕ್ಯಾಮೆರಾ ಅವರ ಕೈಗೆ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ, ಸ್ಕ್ರೀನನ್ನು ಮೂಗಿನ ಹತ್ತಿರ ಹಿಡಿದು, ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ಇದ್ ಯಾರ್ ಒಟ್ಟಿದ್ದ್?"

ನಗು ಬಂತು. ಯಾರೂ ಪೇರಿಸಿ ಒಟ್ಟಿದ್ದಲ್ಲ ದೊಡ್ಡಪ್ಪ, ಅದು ಲಾವಾ ಅಂದೆ. ಭೂಮಿಯೊಳಗಿಂದ ಬಂದ ಬೆಂಕಿ ಕಲ್ಲು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋಗುವ ಕಾಲಕ್ಕೆ ಉಕ್ಕಿದ್ದು. ಆರುತ್ತಾ ಬಂದ ಹಾಗೆ ಕುಗ್ಗಿತು. ಕುಗ್ಗಿದ್ದಕ್ಕೆ ಮೈಯೆಲ್ಲ ಬಿರುಕು. ಬಿರುಕು ಮೇಲಿನಿಂದ ಒಳಗೆ ಇಳಿಯುತ್ತಾ ಹೋಗಿ ಕಂಬ ಕಂಬ ಆಯಿತು. ಜಾಸ್ತಿ ಆರು ಮೂಲೆಯವು, ಕೆಲವು ಐದು, ಕೆಲವು ಏಳು.

"ಬ್ಯಾಸ್ಗೆಗೆ ಗೆದ್ದಿ ಬಿರ್ದಂಗಾ?"

ಹೌದು! ಅದೇ. ಇಷ್ಟು ವರ್ಷ ಅದನ್ನು ಜೇನುಹಟ್ಟಿ, ಪೆನ್ಸಿಲ್ ಕಟ್ಟು ಅಂತ ಏನೇನೋ ಬರೆದಿದ್ದೇನೆ. ಕೆಸರು ಗದ್ದೆ ಒಣಗಿ ಬಿಡುವ ಬಿರುಕು ನೆನಪಾಗಲೇ ಇಲ್ಲ. ಗದ್ದೆಯಲ್ಲಿ ನಡೆದವರಿಗೆ ಒಂದು ನಿಮಿಷ ಸಾಕಾಯಿತು.

"ಹಾಂಗಾರೆ ಇದ್ ಒಟ್ಟಿದ್ದಲ್ಲ ಮಗಾ. ಒಡ್ದದ್ದ್."

ಅಷ್ಟು ಹೇಳಿ ಎಲೆ ಅಡಿಕೆ ತಟ್ಟೆಗೆ ಕೈ ಹಾಕಿದರು. ನಾನು ಅಲ್ಲೇ ಸಿಕ್ಕಿಬಿದ್ದೆ.

ಫೋನಿನಲ್ಲಿ ಹಂಪಿ ತೆಗೆದು ತೋರಿಸಿದೆ. ಅಕ್ಕ ತಂಗಿ ಗುಡ್ಡ, ಎರಡು ಬಂಡೆ ಒಂದಕ್ಕೊಂದು ಒರಗಿ ನಿಂತದ್ದು. ಮತ್ತೆ ಮಾತಂಗ ಬೆಟ್ಟದ ಕೆಳಗಿನವು, ದೊಡ್ಡದರ ಮೇಲೆ ಸಣ್ಣದು, ಈಗ ಬಿದ್ದೀತು ಆಗ ಬಿದ್ದೀತು ಅನ್ನುವ ಹಾಗೆ. ಇದಂತೂ ಒಟ್ಟಿದ್ದೇ ಅನ್ನಿಸುತ್ತದೆ ಅಲ್ವಾ? ವಾಲಿ ಸುಗ್ರೀವರ ಕಡೆಯ ಕಪಿಗಳು ಎಸೆದಾಡಿದ ಕಲ್ಲು ಅಂತ ಅಲ್ಲಿನವರು ಹೇಳುವುದೂ ಅದಕ್ಕೇ. ಅಸಲಿಗೆ ಅದೂ ಒಂದೇ ಕಲ್ಲು. ನೆಲದೊಳಗೆ ಇದ್ದಾಗಲೇ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ನೀರು ಆ ಬಿರುಕಿಗೆ ಇಳಿದು ಮೂಲೆಗಳನ್ನು ತಿಂದು ಉರುಟು ಮಾಡಿತು. ಪುಡಿಯಾದ ಮಣ್ಣು ಮಳೆಗೆ ತೊಳೆದುಹೋಯಿತು. ಬಂಡೆ ಇದ್ದಲ್ಲೇ ಉಳಿಯಿತು. ಯಾರೂ ಎತ್ತಿಡಲಿಲ್ಲ, ಯಾರೂ ಉರುಳಿಸಲಿಲ್ಲ. ಇದನ್ನು ಹೇಳುತ್ತಾ ಹೇಳುತ್ತಾ ನನ್ನ ಫೋಲ್ಡರಿನ ಅರ್ಧ ಖಾಲಿಯಾಗುತ್ತಿದೆ ಅನ್ನಿಸಿತು.

"ಒಟ್ಟೂದ್ ಅಂದ್ರೆ ಕುತ್ರಿ" ಅಂದರು ದೊಡ್ಡಪ್ಪ.

ಆಮೇಲೆ ಕುತ್ರಿ ಪುರಾಣ. ಇದನ್ನು ಬರೆದಿಟ್ಟುಕೊಳ್ಳಬೇಕು ಅಂತಲೇ ಇವತ್ತು ಕೂತದ್ದು. ಮೊದಲು ನಡುವೆ ಒಂದು ಕಂಬ. ಬುಡಕ್ಕೆ ಕಲ್ಲು, ಅದರ ಮೇಲೆ ಮರದ ತುಂಡು. ಗೆದ್ದಲು ಹತ್ತಬಾರದು, ನೀರು ತಾಗಬಾರದು. ಒಬ್ಬ ಮೇಲೆ, ಉಳಿದವರು ಕೆಳಗೆ. ಕೆಳಗಿನವರು ಹುಲ್ಲಿನ ಸೂಡಿ ಎಸೆಯಬೇಕು, ಮೇಲಿನವನು ಹಿಡಿದು ಕಂಬದ ಸುತ್ತ ಇಟ್ಟು ತುಳಿಯಬೇಕು. ನಡು ಯಾವಾಗಲೂ ಸ್ವಲ್ಪ ಎತ್ತರ, ಹೊರಗೆ ಇಳಿಜಾರು. ಮೇಲೆ ಹೋದ ಹಾಗೆ ಸಪೂರ. ಮಳೆ ಬಿದ್ದರೆ ಹೊರಗಿನ ಹುಲ್ಲು ಕಪ್ಪಾಗುತ್ತದೆ, ಅಷ್ಟೇ. ಮಳೆಗಾಲದ ಆಟಿ ತಿಂಗಳಲ್ಲಿ ಕೈ ಹಾಕಿ ಎಳೆದರೆ ಒಳಗಿನದು ಬಂಗಾರದ ಬಣ್ಣ. ಎಳೆಯುವುದಕ್ಕೂ ಕ್ರಮ ಇದೆ. ಒಂದೇ ಕಡೆ ಎಳೆದರೆ ಕುತ್ರಿ ಓರೆ, ಆಮೇಲೆ ಅಡ್ಡ.

ದೊಡ್ಡಪ್ಪ ಯಾವಾಗಲೂ ಮೇಲೆ ನಿಲ್ಲುವವರಂತೆ. ಕಷ್ಟ ಯಾವುದು ಅಂತ ಕೇಳಿದೆ. ಎತ್ತರ, ಬಿಸಿಲು, ಮೈ ತುರಿಕೆ ಅಂತಾರೆ ಅಂದುಕೊಂಡಿದ್ದೆ. ಅದಲ್ಲ. ಮೇಲೆ ನಿಂತವನಿಗೆ ಕುತ್ರಿ ಓರೆಯಾಗುತ್ತಿರುವುದು ಗೊತ್ತೇ ಆಗುವುದಿಲ್ಲವಂತೆ. ಕಾಲಡಿ ಎಲ್ಲ ಸರಿಯಾಗೇ ಇರುತ್ತದೆ. ಕೆಳಗಿದ್ದವರು ದೂರ ಹೋಗಿ ನಿಂತು ನೋಡಿ ಕೂಗಿ ಹೇಳಬೇಕು. ದೊಡ್ಡಮ್ಮ ಕೂಗುತ್ತಿದ್ದರಂತೆ. "ಅವ್ಳಿಗೆ ಕಣ್ಣಳತಿ ಇತ್ತ್" ಅಂದರು.

ಈ ಸಲ ಕುತ್ರಿ ಇಲ್ಲ. ಏಣೆಲು (ಮಳೆಗಾಲದ ಭತ್ತ) ಕೊಯ್ಲಿಗೆ ಮೆಷಿನ್ ಬಂತು, ಹುಲ್ಲು ಸುತ್ತುವುದಕ್ಕೆ ಇನ್ನೊಂದು ಮೆಷಿನ್. ದನದ ಹಟ್ಟಿ ಪಕ್ಕ ಉರುಟು ಉರುಟು ಹುಲ್ಲಿನ ಸುರುಳಿಗಳು, ಮೇಲೆ ನೀಲಿ ಟರ್ಪಾಲು. ಇರುವುದು ಒಂದೇ ದನ. ಅದಕ್ಕೆ ಜಾಸ್ತಿಯೇ ಆಯಿತು. ನಾನು ಅದರ ಫೋಟೋ ತೆಗೆದಿಲ್ಲ. ಯಾಕೋ ಗೊತ್ತಿಲ್ಲ, ಅಡಕಲೇ ತಾನೇ ಅದೂ.

ಹೇಳುವುದು ಮರೆತೆ. ಮೆಲ್ಬರ್ನಿನಿಂದ ಅಕ್ಕ, ದೊಡ್ಡಪ್ಪನ ಮಗಳು, ಕ್ರಿಸ್‌ಮಸ್ ರಜೆಯಲ್ಲಿ ಹೋಗಿದ್ದ ಜಾಗದ ಫೋಟೋ ಕಳಿಸಿದ್ದಳು. ನನಗೋಸ್ಕರ ಅಂತಲೇ. ಟ್ವೆಲ್ವ್ ಅಪಾಸಲ್ಸ್, ಸಮುದ್ರದ ನಡುವೆ ನಿಂತ ಸುಣ್ಣಕಲ್ಲಿನ ಕಂಬಗಳು. ಹೆಸರಿಗೆ ಹನ್ನೆರಡು, ಯಾವತ್ತೂ ಹನ್ನೆರಡು ಇರಲಿಲ್ಲ. 2005ರ ಜುಲೈನಲ್ಲಿ ಒಂದು ಕುಸಿಯಿತು, 50 ಮೀಟರ್ ಎತ್ತರದ್ದು. ಕುಟುಂಬವೊಂದು ಅದರ ಮುಂದೆ ಫೋಟೋ ತೆಗೆಯುತ್ತಿದ್ದ ಹಾಗೇ, ಒಂದೇ ಗಳಿಗೆಯಲ್ಲಿ. ಇಂಗ್ಲಿಷಿನವರು ಇದಕ್ಕೂ ಸ್ಟ್ಯಾಕ್ ಅಂತಲೇ ಕರೆಯುತ್ತಾರೆ. ಅದನ್ನೂ ದೊಡ್ಡಪ್ಪನಿಗೆ ತೋರಿಸಿದೆ.

"ಇದೂ ಒಡ್ದದ್ದಾ?"

ಅಲ್ಲ ಅಂದೆ. ಮೊದಲು ಇದೆಲ್ಲ ದಡದ ಗುಡ್ಡವೇ. ಮೂತಿ ಹಾಗೆ ಸಮುದ್ರಕ್ಕೆ ಚಾಚಿಕೊಂಡಿತ್ತು. ಅಲೆ ಎರಡೂ ಪಕ್ಕದಿಂದ ಹೊಡೆದು ಗುಹೆ ಮಾಡಿತು. ಎರಡು ಗುಹೆ ಕೂಡಿದಾಗ ಕಮಾನು. ಕಮಾನಿನ ಮಾಡು ಬಿತ್ತು, ತುದಿಯ ಕಂಬ ಒಂಟಿಯಾಗಿ ನಿಂತಿತು.

"ಸುತ್ತ ಇದ್ದ ಗುಡ್ಡಿ ಎಲ್ಲ?"

"ಸಮುದ್ರ ತಿಂತು."

"ಹಾಂಗಾರೆ ಇದ್ ಉಳ್ದದ್ದ್" ಅಂದರು. ಫೋನ್ ನನ್ನ ಕೈಗೆ ಕೊಟ್ಟು ದನಕ್ಕೆ ಹುಲ್ಲು ಹಾಕಲು ಎದ್ದು ಹೋದರು. ಮೂರೂವರೆ ಆಗಿತ್ತು. ಅವರು ಹುಲ್ಲು ಹಾಕುವುದು ಐದಕ್ಕೆ.

ಸಂಜೆ ಬಾರಕೂರು ಕಡೆ ಹೋದೆ, ಲಾರಿ ಹೊತ್ತು ಹೋಗುವ ರೋ-ರೋ ರೈಲನ್ನು ಫೋಟೋದಲ್ಲಿ ಹಿಡಿಯುವುದಕ್ಕೆ. ಮನಸ್ಸು ಬೇರೆ ಮಾಡಿಕೊಳ್ಳಬೇಕಿತ್ತು. ರೋ-ರೋ ಅಂದರೆ ನನಗೆ ಮಕ್ಕಳ ಖುಷಿ. ಬಯಲು ವ್ಯಾಗನ್ ಮೇಲೆ ಸಾಲಾಗಿ ಲಾರಿಗಳು. ಕೊಂಕಣ ರೈಲ್ವೆ 1999ರಲ್ಲಿ ಶುರು ಮಾಡಿದ್ದು. ಮಹಾರಾಷ್ಟ್ರದ ಕೋಲಾಡಿನಲ್ಲಿ ಲಾರಿ ಹತ್ತಿಸಿದರೆ ನಮ್ಮ ಸುರತ್ಕಲ್‌ನಲ್ಲಿ ಇಳಿಸುವುದು. ಡ್ರೈವರ್‌ಗಳು ತಮ್ಮ ತಮ್ಮ ಲಾರಿಯಲ್ಲೇ ಕೂತು ಬರುತ್ತಾರೆ, ಸ್ಟೇರಿಂಗ್ ಮುಟ್ಟದೆ.

ಒಂದು ಗಂಟೆ ಕಾದೆ. ಅದಕ್ಕೆ ವೇಳೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಅಂತೂ ಬಂತು. ಬೆಳಕು ಇನ್ನೇನು ಹೋಗುವುದರಲ್ಲಿತ್ತು. 300 ಎಂಎಂ ಲೆನ್ಸಿನಲ್ಲಿ ಎದುರಿನಿಂದ ತೆಗೆದೆ. ಉದ್ದ ಲೆನ್ಸ್ ದೂರವನ್ನು ಅಮುಕಿಬಿಡುತ್ತದೆ. ಒಂದರ ಹಿಂದೆ ಒಂದು ಇರುವ ಲಾರಿ ಒಂದರ ಮೇಲೆ ಒಂದು ಪೇರಿಸಿದ ಹಾಗೆ ಕಾಣುತ್ತದೆ. ಹಸಿರು ಟರ್ಪಾಲು, ಕೆಂಪು ಟರ್ಪಾಲು, ಮೇಲೆ ಕರೆಂಟಿನ ತಂತಿ. ಚಂದ ಬಂದಿದೆ, ಸುಳ್ಳು ಹೇಳಬಾರದು. ಆದರೆ ಮನೆಗೆ ಬಂದು ದೊಡ್ಡದು ಮಾಡಿ ನೋಡುತ್ತಾ ದೊಡ್ಡಪ್ಪನ ದನಿಯೇ ಕೇಳಿತು. ಇದ್ ಯಾರ್ ಒಟ್ಟಿದ್ದ್? ನನ್ನ ಲೆನ್ಸ್. ಅಲ್ಲಿ ನಿಜಕ್ಕೂ ಒಂದರ ಮೇಲೊಂದು ಇದ್ದದ್ದು ವ್ಯಾಗನ್, ಅದರ ಮೇಲೆ ಲಾರಿ, ಲಾರಿಯೊಳಗೆ ಮೂಟೆ. ನಾನು ತೆಗೆದದ್ದು ಅದಲ್ಲ. ಏಳನೆಯದೋ ಎಂಟನೆಯದೋ ಲಾರಿಯ ಕಿಟಕಿಯಲ್ಲಿ ಒಬ್ಬ ಕಾಲು ಚಾಚಿ ಮಲಗಿದ್ದಾನೆ. ಎರಡು ಪಾದ ಮಾತ್ರ ಕಾಣುತ್ತವೆ. ತೆಗೆಯುವಾಗ ನನಗೆ ಕಂಡಿರಲೇ ಇಲ್ಲ.

ಫೋಲ್ಡರನ್ನು ಎರಡು ಮಾಡಬೇಕೋ ಏನೋ. ಮೂರು? ಒಟ್ಟಿದ್ದು, ಒಡೆದದ್ದು, ಉಳಿದದ್ದು. ಹಂಪಿ ಯಾವುದಕ್ಕೆ ಹೋಗುತ್ತದೆ, ಒಡೆದದ್ದೂ ಹೌದು, ಉಳಿದದ್ದೂ ಹೌದು. ಅಟ್ಟದ ಹಂಡೆಗಳನ್ನು ಒಟ್ಟಿದ್ದು ಅಂತಲೇ ಇಡುತ್ತಿದ್ದೆ ಬೆಳಿಗ್ಗೆ ಆಗಿದ್ದರೆ. ನಲವತ್ತು ಜನಕ್ಕೆ ಅಡುಗೆ ಆಗುತ್ತಿದ್ದ ಮನೆ. ಈಗ ಆ ಹಂಡೆಗಳನ್ನು ಇಳಿಸುವುದಕ್ಕೆ ನಾಲ್ಕು ಜನ ಬೇಕು.

ನಾಳೆ ಹುಣ್ಣಿಮೆ. ಹೊರಗೆ ದೀಪ ಬೇಡ, ಅಷ್ಟು ಬೆಳಕು.

ಸಂಜೆ ರೈಲಿಗೆ ಕಾಯುತ್ತಿದ್ದಾಗ ಅಕ್ಕನ ಮೆಸೇಜು ಬಂದಿತ್ತು. "ಅಪ್ಪ ಏನಂದ್ರು? ಟಿಕೆಟ್ ವಿಷಯ ಕೇಳಿದ್ಯಾ? ದನ ಯಾರಿಗಾದ್ರೂ ಕೊಡೋದು?" ಅದಕ್ಕೇ ತಾನೇ ನಾನು ಮಧ್ಯಾಹ್ನ ಅಲ್ಲಿಗೆ ಹೋಗಿದ್ದು. ಕೇಳಲಿಲ್ಲ. ಅವಳ ಊರಲ್ಲಿ ಈಗ ಬೆಳಗಿನ ಜಾವ ನಾಲ್ಕು. ಎದ್ದ ಕೂಡಲೇ ಫೋನ್ ನೋಡುತ್ತಾಳೆ. ಫೋಟೋ ತೋರಿಸಿದೆ, ಇಷ್ಟಪಟ್ಟರು ಅಂತ ಬರೆಯಲು ಹೋದೆ, ಅಳಿಸಿದೆ. ಆ ಫೋಟೋ ನೋಡಿ ಅವರು ಅಂದದ್ದನ್ನು...