ಮನೆಯಲ್ಲೇ ಕಾರಿನ ಎಸಿಗೆ ಗ್ಯಾಸ್ ತುಂಬುವ ಮುನ್ನ

ಮಲೆನಾಡಿನಲ್ಲಿ ಕಾರಿನ ಎಸಿ ಬೇಸಿಗೆಗಿಂತ ಮಳೆಗಾಲಕ್ಕೇ ಹೆಚ್ಚು ಬೇಕು. ಜುಲೈ ತಿಂಗಳಲ್ಲಿ ನಾಲ್ಕು ಜನ ಕುಳಿತು, ಕಿಟಕಿ ಏರಿಸಿಕೊಂಡು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೊರಟರೆ, ಮುಂದಿನ ಗಾಜು ಒಳಗಿನಿಂದ ಮಸುಕಾಗಿ ಘಾಟಿಯ ತಿರುವೇ ಕಾಣದಂತಾಗುತ್ತದೆ. ಬಟ್ಟೆಯಿಂದ ಒರೆಸಿದಷ್ಟೂ ಅದು ಮತ್ತೆ ಕಟ್ಟುತ್ತದೆ. ಎಸಿ ಹಾಕಿದಾಗ ಗಾಳಿಯ ತೇವವೆಲ್ಲ ಒಳಗಿನ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಇಳಿದು, ಒಣಗಿದ ಗಾಳಿ ಗಾಜಿಗೆ ತಾಗಿ, ಸ್ವಲ್ಪ ಹೊತ್ತಿನಲ್ಲೇ ದಾರಿ ತಿಳಿಯಾಗುತ್ತದೆ. ಆದ್ದರಿಂದ ಗ್ಯಾಸಿನ ಕೆಲಸವನ್ನು ಮಳೆ ಹಿಡಿಯುವ ಮೊದಲು, ಬಿಸಿಲಿರುವ ದಿನವೇ ಮುಗಿಸಿಕೊಳ್ಳುವುದು ಒಳ್ಳೆಯದು.

ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಲೇಬೇಕು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಪೆಟ್ರೋಲಿನಂತೆ ಈ ಗ್ಯಾಸ್ ಉರಿದು ಖರ್ಚಾಗುವುದಿಲ್ಲ. ಗ್ಯಾಸನ್ನು ಒತ್ತುವ ಕಂಪ್ರೆಸರ್, ಅದರ ಬಿಸಿಯನ್ನು ಹೊರಹಾಕುವ ಕಂಡೆನ್ಸರ್, ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವ್‌ಗಳ ಮುಚ್ಚಿದ ದಾರಿಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಹೋಸು ಮತ್ತು ಸೀಲುಗಳಿಂದ ಹಲವು ವರ್ಷಗಳಲ್ಲಿ ಚೂರುಪಾರು ಹೋಗುವುದು ಸಹಜ, ಆದರೆ ಹೋದ ವರ್ಷ ತುಂಬಿಸಿದ್ದು ಈ ವರ್ಷ ಇಲ್ಲವೆಂದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ತೀರ್ಥಹಳ್ಳಿಯ ನಮ್ಮ ಭಾವ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ಹಾಕಿಸುತ್ತಿದ್ದರು. ಅವರ ಕಾರಿನ ಬಾನೆಟ್ ಎತ್ತಿ ನೋಡಿದಾಗ ಕಂಡೆನ್ಸರಿನ ಕೆಳಮೂಲೆಯಲ್ಲಿ ಅಂಗೈಯಗಲದ ಜಾಗದಲ್ಲಿ ಮಾತ್ರ ಕೆಂಪು ಧೂಳು ಗ್ಯಾಸಿನೊಂದಿಗೆ ಸೋರಿದ ಎಣ್ಣೆ ಹೀರಿ ಕಪ್ಪಗೆ ಅಂಟಿಕೊಂಡಿತ್ತು. ಎಂಜಿನ್ ನಿಲ್ಲಿಸಿ, ಆ ಜಾಗಕ್ಕೆ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ ಕಾದೆವು. ನಿಧಾನವಾಗಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. "ಭಾವ, ಮೊದಲು ಇದನ್ನು ಬದಲಾಯಿಸಿ, ಗ್ಯಾಸಿನ ಮಾತು ಆಮೇಲೆ" ಎಂದೆ.

ಇದು ಹಣದ ಪ್ರಶ್ನೆ ಮಾತ್ರವಲ್ಲ. ನಮ್ಮಲ್ಲಿ ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಹಳೆಯ ಆರ್-12ರಂತೆ ಓಝೋನ್ ಪದರವನ್ನು ಕೆಡಿಸುವುದಿಲ್ಲವಾದರೂ, ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚು. 450 ಗ್ರಾಂನ ಒಂದು ಕ್ಯಾನ್ ಗಾಳಿಗೆ ಹೋದರೆ ಅದು 600 ಕಿಲೋಗೂ ಮಿಕ್ಕಿದ ಡೈಆಕ್ಸೈಡಿಗೆ ಸಮ. ಸೋರುವ ಕಾರಿಗೆ ಮತ್ತೆ ಮತ್ತೆ ತುಂಬುವುದು ನನಗೆ ಸರಿಕಾಣುವುದಿಲ್ಲ. ಹಳೆಯ ಗ್ಯಾಸ್ ಉಳಿದಿದ್ದರೆ, ಅದನ್ನು ಬಯಲಿಗೆ ಬಿಡದೆ ಯಂತ್ರದಿಂದ ಹೀರಿ ತೆಗೆಯುವ ಗ್ಯಾರೇಜಿಗೆ ಕೊಂಡೊಯ್ಯಬೇಕು.

ಲೀಕ್ ಸರಿಪಡಿಸಿದ ಮೇಲೆ ಮನೆಯ ಅಂಗಳದಲ್ಲಿ ತುಂಬಲು ಒತ್ತಡ ತೋರಿಸುವ, ನೀಲಿ-ಕೆಂಪು ಹೋಸುಗಳ ಗೇಜ್ ಸೆಟ್, ಒಳಗಿನ ಗಾಳಿಯನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್ ಮತ್ತು ಗ್ರಾಂ ತೋರಿಸುವ ತಕ್ಕಡಿ ಬೇಕು. ಇವುಗಳಲ್ಲಿ ಜನ ಮೊದಲು ಕೈಬಿಡುವುದು ವ್ಯಾಕ್ಯೂಮ್ ಪಂಪನ್ನು, ಮಲೆನಾಡಿನಲ್ಲಿ ಬಿಡಲೇಬಾರದ್ದೂ ಅದನ್ನೇ. ಪೈಪು ಬಿಚ್ಚಿದಾಗ ನಮ್ಮ ತೇವದ ಗಾಳಿ ಒಳಸೇರುತ್ತದೆ, ಕಂಪ್ರೆಸರ್ ಸವೆಯದಂತೆ ಹಾಕುವ ಪಿಎಜಿ ಎಣ್ಣೆ ಆ ತೇವವನ್ನು ಹೀರಿಕೊಳ್ಳುತ್ತದೆ. ಉಳಿದ ನೀರು ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ಕಂಡಿಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟಬಹುದು, ಕಾಲಕ್ರಮೇಣ ಆಮ್ಲವಾಗಿ ಲೋಹವನ್ನು ತಿನ್ನಬಹುದು. ಪಂಪು ಒತ್ತಡವನ್ನು ಎಷ್ಟು ಕೆಳಗಿಳಿಸುತ್ತದೆಂದರೆ, ಒಳಗಿನ ನೀರು ನಮ್ಮ ಮಾಮೂಲಿ ಸೆಕೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಗೇಜಿನಲ್ಲಿ ನಿರ್ವಾತ 29 ಇಂಚು (ಪಾದರಸದ ಅಳತೆಯಲ್ಲಿ) ಬರಬೇಕೆಂದು ಹೇಳುವ ಸೂಚನೆಗಳು ಸಮುದ್ರಮಟ್ಟದ ಊರುಗಳಿಗೆ ಬರೆದಂಥವು. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಮುಳ್ಳು 28ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕಾಗಿ ಒಳ್ಳೆಯ ಪಂಪನ್ನು ಅನುಮಾನಿಸಬೇಕಾಗಿಲ್ಲ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಿ, ವಾಲ್ವ್ ಮುಚ್ಚಿ, ಇನ್ನಷ್ಟು ಹೊತ್ತು ಮುಳ್ಳು ಅಲುಗದೆ ನಿಂತರೆ ಮಾತ್ರ ಮುಂದುವರಿಯಬೇಕು.

ತುಂಬಬೇಕಾದ ಗ್ಯಾಸಿನ ಜಾತಿ ಮತ್ತು ತೂಕ ಎರಡೂ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿರುತ್ತವೆ. ಹೊಸ ಕಾರಿನ ಚೀಟಿಯಲ್ಲಿ ಆರ್-1234ವೈಎಫ್ ಎಂದಿದ್ದರೆ ಆ ಕೆಲಸ ಮನೆಯಲ್ಲಿ ಬೇಡ; ಅದು ಬೆಂಕಿ ಹಿಡಿಯಬಲ್ಲ ಗ್ಯಾಸ್. ಒತ್ತಡ ನೋಡಿ ಅಂದಾಜಿನಲ್ಲಿ ತುಂಬುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒತ್ತಡ ಹೊರಗಿನ ಉಷ್ಣತೆಯೊಂದಿಗೆ ಏರಿಳಿಯುತ್ತದೆ, ತೂಕ ಹಾಗೆ ಬದಲಾಗುವುದಿಲ್ಲ. ಜಡಿಮಳೆಯ ತಂಪಿನಲ್ಲಿ ಸರಿಯಾಗಿ ತುಂಬಿದ ಕಾರೂ ಕಡಿಮೆ ಒತ್ತಡ ತೋರಿಸಿ, ಇನ್ನಷ್ಟು ತುಂಬಲು ಪ್ರಚೋದಿಸುತ್ತದೆ. ಚಿಕ್ಕ ಕಾರಿಗೆ ಒಟ್ಟು ಬೇಕಿರುವುದೇ ಸಾಮಾನ್ಯವಾಗಿ 300ರಿಂದ 500 ಗ್ರಾಂ. ಅದಕ್ಕೆ ಮೇಲೆ 50 ಗ್ರಾಂ ಬಿದ್ದರೂ ಕಂಪ್ರೆಸರಿನ ಮೇಲಿನ ಹೊರೆ ಏರಿ ತಂಪು ಕಡಿಮೆಯಾಗಬಹುದು.

ಕನ್ನಡಕ, ಕೈಗವಸು ಧರಿಸಿ, ಕ್ಯಾನನ್ನು ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಕಡಿಮೆ ಒತ್ತಡದ ನೀಲಿ ಹೋಸಿನ ಕಡೆಯಿಂದ ಮಾತ್ರ ಒಳಬಿಡಬೇಕು. ಎಂಜಿನ್ ಓಡುತ್ತಿರುವಾಗ ಹೆಚ್ಚು ಒತ್ತಡದ ಕಡೆಯ ಕೆಂಪು ವಾಲ್ವ್ ತೆರೆದರೆ ಒತ್ತಡ ಹಿಂದಕ್ಕೆ ನುಗ್ಗಿ ಕ್ಯಾನ್ ಸಿಡಿಯಬಹುದು. ಗ್ಯಾಸ್ ಹೋಗುತ್ತಿದ್ದಂತೆ ಕ್ಯಾನ್ ತಣ್ಣಗಾಗಿ ಮೈಮೇಲೆ ಬೆವರು ಮೂಡುತ್ತದೆ, ಒಳಹೋಗುವ ವೇಗವೂ ಕುಗ್ಗುತ್ತದೆ. ಆಗ ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಒರೆಸಿ, ಮತ್ತೆ ತೂಗಬಹುದು. ಬೆಂಕಿಯನ್ನಂತೂ ಹತ್ತಿರ ತರಲೇಕೂಡದು, ಬೇಗ ಆಗಲೆಂದು ಕ್ಯಾನನ್ನು ತಲೆಕೆಳಗಾಗಿಸಲೂಬಾರದು. ದ್ರವವಾಗಿಯೇ ಒಳಹೋದರೆ ಕಂಪ್ರೆಸರ್ ಹಾಳಾಗುತ್ತದೆ.

ಚೀಟಿಯ ತೂಕ ಮುಟ್ಟಿದ ಕೂಡಲೇ ವಾಲ್ವ್ ಮುಚ್ಚಿ, ಎಂಜಿನ್ ನಿಲ್ಲಿಸಿ, ಒತ್ತಡ ಇಳಿದ ಮೇಲೆ ಹೋಸುಗಳನ್ನು ಬಿಚ್ಚಿ, ಎರಡೂ ಪೋರ್ಟುಗಳ ಪ್ಲಾಸ್ಟಿಕ್ ಮುಚ್ಚಳಗಳನ್ನು ತಪ್ಪದೆ ತಿರುಗಿಸಿ ಹಾಕಬೇಕು. ಗ್ಯಾರೇಜಿನಿಂದ ಬಂದ ಕಾರುಗಳಲ್ಲೂ ಈ ಮುಚ್ಚಳಗಳು ಹಲವು ಸಲ ಇರುವುದೇ ಇಲ್ಲ. ಒಳಗಿನ ಪುಟ್ಟ ವಾಲ್ವಿಗೆ ನಮ್ಮ ರಸ್ತೆಯ ಕೆಸರು ಸೇರಿದರೆ ಅಲ್ಲಿಂದಲೇ ಹೊಸ ಲೀಕ್ ಶುರುವಾಗುತ್ತದೆ.