ಶ್ರವಣಯಂತ್ರ ಹಾಕಿಸಿದ ಮೇಲೆ ಶಾಲೆಯಿಂದ ಕೇಳಬೇಕಾದದ್ದು

ಮಗುವಿಗೆ ಶ್ರವಣಯಂತ್ರ ಹಾಕಿಸಿದ ಮೇಲೆ ಇನ್ನೇನು ತೊಂದರೆ ಎಂದು ಕೇಳುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅವರಲ್ಲಿ ಬಂಧುಗಳಿದ್ದಾರೆ, ನೆರೆಕರೆಯವರಿದ್ದಾರೆ, ಮಕ್ಕಳನ್ನು ಪ್ರೀತಿಯಿಂದ ಕಾಣುವ ಅಧ್ಯಾಪಕರೂ ಇದ್ದಾರೆ. ಆ ಪ್ರಶ್ನೆಯ ಹಿಂದೆ ಕೆಟ್ಟ ಉದ್ದೇಶವಿಲ್ಲ. ಆದರೆ ಶಾಲೆಯಲ್ಲಿ ಅದಕ್ಕೆ ಯಾರೂ ಸರಿಯಾದ ಉತ್ತರ ಕೊಡದಿದ್ದರೆ ಮಗು ಪಾಠದ ಬಹುಪಾಲನ್ನು ಊಹೆಯಿಂದಲೇ ಕಲಿಯಬೇಕಾಗುತ್ತದೆ. ನನ್ನ ಮಗಳು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳ ಸಲುವಾಗಿ ಶಾಲೆಯೊಡನೆ ವರ್ಷಗಳಿಂದ ನಡೆಸಿಕೊಂಡು ಬಂದ ಮಾತುಕತೆಗಳಿಂದ ನನಗೆ ಮನದಟ್ಟಾದದ್ದು ಇಷ್ಟು: ಯಂತ್ರ ಮಗುವಿನ ಕಿವಿಯಲ್ಲಿದ್ದರೂ ಅವಳಿಗೆ ಮಾತು ಕೇಳಿಸುವ ಹೊಣೆಯಲ್ಲಿ ದೊಡ್ಡ ಪಾಲು ತರಗತಿಯದು, ಮತ್ತು ಆ ಪಾಲನ್ನು ನಿರ್ವಹಿಸಿ ಎಂದು ಬರವಣಿಗೆಯಲ್ಲಿ, ಮಗುವಿನ ಭಾಷೆಯಲ್ಲಿ ಕೇಳುವ ಹಕ್ಕು ನಮಗಿದೆ.

"ನೀವು ಹೇಳುವಷ್ಟು ತೊಂದರೆ ನಮಗೆ ಕಾಣುವುದಿಲ್ಲ, ಕರೆದರೆ ಕೂಡಲೇ ತಿರುಗಿ ನೋಡುತ್ತಾಳೆ" ಎಂದು ಮುಖ್ಯೋಪಾಧ್ಯಾಯರು ಒಮ್ಮೆ ಹೇಳಿದ್ದರು. ಅವರು ಕಂಡದ್ದು ನಿಜವೇ. ಮಾತಿನಲ್ಲಿ ಸ್ವರಗಳು ಗಟ್ಟಿಯಾಗಿ, ಕೆಳ ಕಂಪನಾಂಕಗಳಲ್ಲಿ, ಅಂದರೆ ತಗ್ಗಿದ ಸ್ಥಾಯಿಯಲ್ಲಿ, ಇರುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳಾದರೋ ಮೆಲುವಾಗಿ, ಮೇಲಿನ ಕಂಪನಾಂಕಗಳಲ್ಲಿ ಇರುತ್ತವೆ. ನನ್ನ ಮಗಳಂತೆ ಎರಡೂ ಕಿವಿಗಳಲ್ಲಿ ಮಧ್ಯಮ ಪ್ರಮಾಣದ ಶ್ರವಣ ದೋಷವಿರುವ ಮಗುವಿಗೆ, ಅದರಲ್ಲೂ ದೋಷ ಮೇಲಿನ ಕಂಪನಾಂಕಗಳಲ್ಲಿ ಹೆಚ್ಚಾಗಿದ್ದರೆ, ಯಾರೋ ಮಾತನಾಡುತ್ತಿದ್ದಾರೆ ಎಂಬುದು ಸ್ವರಗಳಿಂದ ಚೆನ್ನಾಗಿ ತಿಳಿಯುತ್ತದೆ, ಏನು ಮಾತನಾಡುತ್ತಿದ್ದಾರೆ ಎಂಬುದು ವ್ಯಂಜನಗಳಲ್ಲಿ ತಪ್ಪಿಹೋಗುತ್ತದೆ. ಹೆಸರು ಕರೆದಾಗ ಅವಳು ತಿರುಗುತ್ತಾಳೆ, ಏಕೆಂದರೆ ಹೆಸರು ಮೊದಲೇ ಗೊತ್ತಿರುವ ಮಾತು. ಹೊಸ ಪಾಠದ ಹೊಸ ಪದ ಹಾಗಲ್ಲ.

ಅವಳ ಉಕ್ತಲೇಖನದ ಪುಸ್ತಕವನ್ನು ನಾನು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಬಿಡಿಸಿಟ್ಟೆ. 'ಮಳೆ' ಎಂದು ಹೇಳಿದಲ್ಲಿ 'ಬಳೆ' ಎಂದು ಬರೆದಿದ್ದಳು, 'ಹಾಲು' ಎಂಬಲ್ಲಿ 'ಕಾಲು', 'ಪಾಲು' ಎಂಬಲ್ಲಿ 'ಬಾಲು'. ಎಲ್ಲವಕ್ಕೂ ಕೆಂಪು ಶಾಯಿಯ ಗೆರೆ ಬಿದ್ದಿತ್ತು. ಒಂದೇ ಒಂದು ಸ್ವರವೂ ತಪ್ಪಿರಲಿಲ್ಲ. ಪ, ಬ, ಮ ಈ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುವುದರಿಂದ ತುಟಿಯ ಚಲನೆಯನ್ನು ನೋಡಿ ಬಿಡಿಪದವನ್ನು ತಿಳಿಯುವುದೂ ಸಾಧ್ಯವಿಲ್ಲ. ಅದೇ ಪದಗಳನ್ನು "ನಿನ್ನೆ ರಾತ್ರಿ ಜೋರು ಮಳೆ ಬಂತು" ಎಂಬಂಥ ಪೂರ್ಣ ವಾಕ್ಯದಲ್ಲಿ ಹೇಳಿಸಿ ನೋಡಿದಾಗ ಅವಳು ಸರಿಯಾಗಿಯೇ ಬರೆದಳು. ಈ ಪುಸ್ತಕ ಮಾಡಿದಷ್ಟು ಕೆಲಸವನ್ನು, ಕಿವಿಯ ಪರೀಕ್ಷೆಯ ಫಲಿತಾಂಶವನ್ನು ಗೆರೆಗಳಲ್ಲಿ ತೋರಿಸುವ ಆಡಿಯೋಗ್ರಾಂ ಮಾಡಲಿಲ್ಲ. ಆಡಿಯೋಗ್ರಾಮಿನ ಗೆರೆಗಳನ್ನು ಓದಲು ತರಬೇತಿ ಬೇಕು, ಆದರೆ ಮಗುವಿನ ತಪ್ಪುಗಳಲ್ಲಿ ಒಂದು ಕ್ರಮವಿದೆ ಎಂಬುದನ್ನು ಯಾವ ಅಧ್ಯಾಪಕರಾದರೂ ಕಣ್ಣಾರೆ ಕಾಣಬಲ್ಲರು. ಶಾಲೆಗೆ ಹೋಗುವ ಪೋಷಕರು ವೈದ್ಯಕೀಯ ಕಾಗದಗಳ ಜೊತೆಗೆ ಮಗುವಿನ ನೋಟ್‌ಪುಸ್ತಕವನ್ನೂ ಒಯ್ಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಶ್ರವಣಯಂತ್ರ ಚೆನ್ನಾಗಿ ಕೆಲಸ ಮಾಡುವುದು ಮಾತನಾಡುವವರು ಒಂದೆರಡು ಮೀಟರಿನೊಳಗೆ ಇದ್ದಾಗ, ಅದೂ ಸುತ್ತ ಸದ್ದಿಲ್ಲದಾಗ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಧ್ವನಿಯ ಮಟ್ಟ 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ತರಗತಿಯೊಳಗೆ ಇದರ ಮೇಲೆ ಬೋಳುಗೋಡೆ ಮತ್ತು ಸಿಮೆಂಟು ನೆಲಕ್ಕೆ ಬಡಿದು ಮರಳುವ ಸದ್ದಿನ ಅನುರಣನ ಸೇರುತ್ತದೆ, ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು, ಪಕ್ಕದ ತರಗತಿಯ ಮಗ್ಗಿಯ ಸದ್ದು ಸೇರುತ್ತವೆ. ಯಂತ್ರ ಬೇಕಾದ ಸದ್ದನ್ನು ಹೆಚ್ಚಿಸುವಾಗ ಬೇಡದ್ದನ್ನೂ ಹೆಚ್ಚಿಸುತ್ತದೆ. ಈಗಿನ ಯಂತ್ರಗಳು ಗದ್ದಲವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತವಾದರೂ ನಲವತ್ತು ಮಕ್ಕಳ ಗಲಭೆಯೊಳಗಿನಿಂದ ಅಧ್ಯಾಪಕರ ದನಿಯೊಂದನ್ನೇ ಆರಿಸಿ ಕೊಡಲು ಅವುಗಳಿಂದ ಆಗದು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಮಳೆಯೂ ಸೇರಿಕೊಳ್ಳುತ್ತದೆ. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಶಾಲೆ ತೆರೆಯುವ ಜೂನ್ ತಿಂಗಳಲ್ಲೇ ಮಳೆಗಾಲವೂ ಆರಂಭವಾಗುತ್ತದೆ. ತಗಡಿನ ಶೀಟು ಹೊದಿಸಿದ ಕೊಠಡಿಯಲ್ಲಿ ಧೋ ಎಂದು ಮಳೆ ಹೊಯ್ಯುವಾಗ ಒಳ್ಳೆಯ ಕಿವಿಯ ಮಕ್ಕಳಿಗೇ ಪಾಠ ಕೇಳಿಸುವುದಿಲ್ಲ, ನನ್ನ ಮಗಳಿಗೆ ಆ ಹೊತ್ತು ಪಾಠವೇ ಇಲ್ಲದಂತೆ. ಹೊಸ ಅಧ್ಯಾಯಗಳು, ಹೊಸ ಅಧ್ಯಾಪಕರು, ಹೊಸ ಪದಗಳು ಎಲ್ಲವೂ ಬರುವುದು ಇದೇ ತಿಂಗಳುಗಳಲ್ಲಿ. ಆದ್ದರಿಂದ ಅವಳ ತರಗತಿಯನ್ನು ಶೀಟಿನ ಕಟ್ಟಡದಿಂದ ಕಾಂಕ್ರೀಟು ಮಾಡಿನ ಕೊಠಡಿಗೆ ಬದಲಿಸಬೇಕೆಂಬುದು ನನ್ನ ಮೊದಲ ಕೋರಿಕೆಯಾಗಿತ್ತು. ಜೋರು ಮಳೆಯ ಹೊತ್ತಿನಲ್ಲಿ ಬಾಯಿಪಾಠವನ್ನು ನಿಲ್ಲಿಸಿ ಕರಿಹಲಗೆಯ ಕೆಲಸ ಕೊಡಬೇಕೆಂಬುದು ಎರಡನೆಯದು. ಎರಡಕ್ಕೂ ಶಾಲೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಕೊಠಡಿ ಬದಲಾದ ಮೇಲೆ ಉಳಿದ ಮಕ್ಕಳಿಗೂ ಉಪಕಾರವಾಯಿತೆಂದು ತರಗತಿಯ ಅಧ್ಯಾಪಿಕೆಯೇ ಪಿ.ಟಿ.ಎ. ಸಭೆಯಲ್ಲಿ ಹೇಳಿದರು.

ಮಳೆಗಾಲದ ತೇವ ಯಂತ್ರಕ್ಕೂ ಶತ್ರು. ಕಿವಿಯೊಳಗೆ ಕೂರುವ ಅಚ್ಚಾದ ಇಯರ್ ಮೋಲ್ಡಿನ ಸಣ್ಣ ಕೊಳವೆಯೊಳಗೆ ನೀರಿನ ಹನಿ ಕಟ್ಟಿಕೊಂಡರೆ ಯಂತ್ರ ಚಾಲೂ ಇದ್ದರೂ ಸದ್ದು ಒಳಹೋಗುವುದಿಲ್ಲ, ಮಗು ಸುಮ್ಮನೆ ಕುಳಿತಿರುತ್ತದೆ. ರಾತ್ರಿ ಯಂತ್ರವನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡುವುದು ಮನೆಯವರ ಕೆಲಸ. ಸೆಲ್ ಮುಗಿದರೆ ತರಗತಿಯ ನಡುವೆಯೇ ಬದಲಿಸಿಕೊಳ್ಳಲು ಬಿಡುವುದು, ಬೆಳಗಿನ ಹಾಜರಿಯ ಹೊತ್ತಿಗೆ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಒಂದು ಮಾತು ಕೇಳುವುದು ಶಾಲೆಯ ಕೆಲಸ.

ಕೂರಿಸುವ ಜಾಗದ ಬಗ್ಗೆ ಎಲ್ಲರೂ "ಮೊದಲ ಬೆಂಚಿನಲ್ಲಿ ಕೂರಿಸಿದ್ದೇವಲ್ಲ" ಎನ್ನುತ್ತಾರೆ. ಮೊದಲ ಬೆಂಚಿನ ನಡುವೆ ಕುಳಿತ ಮಗುವಿಗೆ ಅಧ್ಯಾಪಕರು ಕಾಣುತ್ತಾರೆ, ಆದರೆ ಹಿಂದಿನಿಂದ ಪ್ರಶ್ನೆ ಕೇಳುವ, ಉತ್ತರ ಹೇಳುವ ಸಹಪಾಠಿಗಳು ಕಾಣುವುದಿಲ್ಲ. ತರಗತಿಯ ಕಲಿಕೆಯಲ್ಲಿ ಒಂದು ದೊಡ್ಡ ಭಾಗ ಆ ಪ್ರಶ್ನೋತ್ತರದಲ್ಲೇ ಇರುತ್ತದೆ. ಎರಡನೆಯ ಸಾಲಿನ ಬದಿಯ ಜಾಗ, ಫ್ಯಾನು ಮತ್ತು ಬಾಗಿಲಿನಿಂದ ದೂರ, ಹೆಚ್ಚು ಕೇಳುವ ಕಿವಿ ತರಗತಿಯ ಕಡೆಗೆ ಇರುವಂತೆ ಕೂರಿಸುವುದು ನಮ್ಮ ಮಗಳಿಗೆ ಹೆಚ್ಚು ಒಗ್ಗಿತು. ಅಧ್ಯಾಪಕರು ಕಿಟಕಿಗೆ ಬೆನ್ನು ಮಾಡಿ ನಿಂತರೆ ಅವರ ಮುಖ ಕಪ್ಪಾಗಿ ಕಾಣುವುದರಿಂದ ಬೆಳಕು ಮುಖದ ಮೇಲೆ ಬೀಳುವ ಕಡೆ ನಿಲ್ಲಬೇಕು, ಹಲಗೆಯ ಮೇಲೆ ಬರೆಯುತ್ತ ಮಾತನಾಡದೆ ಬರೆದು ಮುಗಿಸಿ ತಿರುಗಿದ ಮೇಲೆ ಮಾತನಾಡಬೇಕು, ಬೇರೆ ಮಗುವಿನ ಪ್ರಶ್ನೆಯನ್ನು ತಾವೊಮ್ಮೆ ಪುನಃ ಹೇಳಿ ಉತ್ತರಿಸಬೇಕು ಎಂದು ಕೇಳಿಕೊಂಡೆವು. ಗಟ್ಟಿಯಾಗಿ ಕೂಗಿ ಹೇಳುವುದರಿಂದ ಪ್ರಯೋಜನವಿಲ್ಲ. ಕೂಗಿದಾಗ ಸ್ವರಗಳೇ ಹೆಚ್ಚು ಹಿಗ್ಗುತ್ತವೆ, ತುಟಿಯ ಚಲನೆಯೂ ವಿಕಾರವಾಗುತ್ತದೆ. ಇವೆಲ್ಲ ಸಣ್ಣ ಅಭ್ಯಾಸಗಳು, ಆದರೆ ಹತ್ತಾರು ವರ್ಷ ಒಂದೇ ರೀತಿ ಪಾಠ ಮಾಡಿದವರಿಗೆ ಒಮ್ಮೆಲೇ ರೂಢಿಯಾಗುವುದಿಲ್ಲ ಎಂಬುದನ್ನು ಪೋಷಕರು ಒಪ್ಪಿಕೊಂಡು, ಸಿಡುಕದೆ, ಮತ್ತೆ ಮತ್ತೆ ನೆನಪಿಸುತ್ತಿರಬೇಕು.

ದೂರದ ಸಮಸ್ಯೆಗೆ ನೇರವಾದ ಪರಿಹಾರವೆಂದರೆ ರಿಮೋಟ್ ಮೈಕ್, ಹಿಂದಿನಿಂದ ಎಫ್.ಎಂ. ವ್ಯವಸ್ಥೆ ಎಂದು ಕರೆಯುತ್ತಿದ್ದ ಉಪಕರಣ. ಅಧ್ಯಾಪಕರ ಎದೆಯ ಮೇಲ್ಭಾಗದಲ್ಲಿ, ಬಾಯಿಯಿಂದ ಒಂದು ಗೇಣಿನಷ್ಟು ಕೆಳಗೆ ಸಿಕ್ಕಿಸಿದ ಸಣ್ಣ ಮೈಕ್ ಅವರ ದನಿಯನ್ನು ನಿಸ್ತಂತುವಾಗಿ ಮಗುವಿನ ಯಂತ್ರಕ್ಕೇ ತಲುಪಿಸುತ್ತದೆ. ಅವರು ಹಲಗೆಯ ಬಳಿ ಇದ್ದರೂ ಕೊನೆಯ ಬೆಂಚಿನ ಬಳಿ ಇದ್ದರೂ ಮಗುವಿಗೆ ಹತ್ತಿರವೇ ನಿಂತು ಹೇಳಿದಂತೆ ಕೇಳುತ್ತದೆ. ಕೊಳ್ಳುವ ಮೊದಲು ಅದು ಮಗುವಿನ ಯಂತ್ರಕ್ಕೆ ಹೊಂದುತ್ತದೆಯೇ ಎಂಬುದನ್ನು ಶ್ರವಣ ತಜ್ಞರಾದ ಆಡಿಯಾಲಜಿಸ್ಟರ ಬಳಿ ಖಚಿತಪಡಿಸಿಕೊಳ್ಳಬೇಕು. ಮೈಕ್ ಧರಿಸಲು ಆರಂಭದಲ್ಲಿ ಸಂಕೋಚಪಟ್ಟ ಅಧ್ಯಾಪಕರಿದ್ದರು, ಮಾತು ಬೇರೆಲ್ಲಿಯೋ ದಾಖಲಾಗುತ್ತದೆಯೇ ಎಂಬ ಶಂಕೆಯೂ ಇತ್ತು. ದಾಖಲಾಗುವುದಿಲ್ಲವೆಂದು ವಿವರಿಸಿ, ನಿಲ್ಲಿಸುವ ಗುಂಡಿಯನ್ನು ತೋರಿಸಿಕೊಟ್ಟ ಮೇಲೆ ಶಂಕೆ ಹೋಯಿತು.

ಇಷ್ಟನ್ನೂ ಕೇಳುವಾಗ ಎದುರಾದ ದೊಡ್ಡ ತಡೆ ಅಂಗವೈಕಲ್ಯದ ಪ್ರಮಾಣಪತ್ರದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಅನುಸೂಚಿಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಕಂಪನಾಂಕಗಳಲ್ಲಿ 70 ಡೆಸಿಬೆಲ್ ನಷ್ಟವಿರುವವರು ಕಿವುಡರು, 60ರಿಂದ 70 ಡೆಸಿಬೆಲ್ ನಷ್ಟವಿರುವವರು ಮಂದಶ್ರವಣದವರು. ನನ್ನ ಮಗಳ ನಷ್ಟ 60ಕ್ಕಿಂತ ಸ್ವಲ್ಪ ಕಡಿಮೆ, ಆದ್ದರಿಂದ ಅವಳಿಗೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದ ಮೇಲೆ ಸೌಲಭ್ಯವೂ ಇಲ್ಲ ಎಂಬ ಉತ್ತರ ನಮಗೆ ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿತು. ಆದರೆ ಅದೇ ಕಾಯ್ದೆಯ 2ನೆಯ ಪ್ರಕರಣದಲ್ಲಿ, ದೀರ್ಘಕಾಲಿಕ ಇಂದ್ರಿಯ ನ್ಯೂನತೆ ಸುತ್ತಲಿನ ಅಡೆತಡೆಗಳೊಡನೆ ಸೇರಿ ಇತರರಿಗೆ ಸಮನಾಗಿ ಪೂರ್ತಿಯಾಗಿ ಭಾಗವಹಿಸುವುದನ್ನು ತಡೆದರೆ ಅಂಥವರು ಅಂಗವಿಕಲ ವ್ಯಕ್ತಿಗಳೆಂಬ ವ್ಯಾಖ್ಯೆ ಇದೆ, ಅಲ್ಲಿ ಡೆಸಿಬೆಲ್ಲಿನ ಮಾತಿಲ್ಲ. 16ನೆಯ ಪ್ರಕರಣ ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳಲ್ಲೂ ಮಗುವಿನ ಅಗತ್ಯಕ್ಕೆ ತಕ್ಕ ಸಮಂಜಸ ಹೊಂದಾಣಿಕೆ ದೊರೆಯಬೇಕೆನ್ನುತ್ತದೆ, ಕನಿಷ್ಠ ಶೇಕಡಾ 40ರಷ್ಟು ವೈಕಲ್ಯವಿರಬೇಕೆಂಬ ಮಿತಿಯನ್ನು ಆ ಪ್ರಕರಣ ಹೇರಿಲ್ಲ. 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದಂಥ ಬೇರೆ ಹಕ್ಕುಗಳಿಗೆ ಮಾತ್ರ ಆ ಮಿತಿ ಅನ್ವಯಿಸುತ್ತದೆ. ಬೆಂಚು ಬದಲಿಸಲು, ಮುಖ ಕಾಣುವಂತೆ ಮಾತನಾಡಲು ಯಾವ ಪ್ರಮಾಣಪತ್ರ ಬೇಕು? ಈ ಪ್ರಕರಣಗಳ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆದ ಮೇಲೆ ಮಾತುಕತೆಯ ಧಾಟಿಯೇ ಬದಲಾಯಿತು.

ಅರ್ಜಿಯನ್ನು ನಾನು ಕನ್ನಡದಲ್ಲೇ ಬರೆದೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ, ಮತ್ತು ಗಡಿನಾಡಿನ ನಾವು ಇದನ್ನು ಬಳಸದೆ ಬಿಟ್ಟರೆ ಅದು ಕಡತದಲ್ಲೇ ಉಳಿಯುತ್ತದೆ. ಒಂದು ಪ್ರತಿ ಶಾಲೆಗೆ, ಒಂದು ಪ್ರತಿ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ, ಒಂದು ಬಿ.ಆರ್.ಸಿ.ಗೆ (ಬ್ಲಾಕ್ ಸಂಪನ್ಮೂಲ ಕೇಂದ್ರ) ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ.

ಭಾಷೆಯ ಮಾತು ಅರ್ಜಿಗೆ ಮಾತ್ರ ಸೀಮಿತವಾದುದಲ್ಲ, ನನ್ನ ಮನಸ್ಸಿಗೆ ಹೆಚ್ಚು ನೋವು ಕೊಟ್ಟ ವಿಷಯವೂ ಇದೇ. ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗಲು ಶಾಲೆಗೆ ಬರುತ್ತಿದ್ದ ಅಧ್ಯಾಪಿಕೆ ಶ್ರದ್ಧೆಯುಳ್ಳವರು, ಆದರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ, ತುಟಿ ನೋಡಿ ಅರ್ಧ ಮಾತನ್ನು ತುಂಬಿಕೊಳ್ಳುವ ಮಗುವಿಗೆ ಮಲಯಾಳದಲ್ಲಿ ಉಚ್ಚಾರದ ಅಭ್ಯಾಸ ಮಾಡಿಸಿದರೆ ಅದು ನೆರವಾಗುವ ಬದಲು ಇನ್ನೊಂದು ಹೊರೆಯಾಗುತ್ತದೆ. ಕೇಳದ ಭಾಗವನ್ನು ಊಹಿಸಲು ಮಗುವಿಗೆ ಇರುವ ಆಧಾರ ಗೊತ್ತಿರುವ ಭಾಷೆಯೊಂದೇ. 2016ರ ಕಾಯ್ದೆಯ 16ನೆಯ ಪ್ರಕರಣ ಕಿವುಡ ಮಕ್ಕಳಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ವಿಧಾನಗಳಲ್ಲಿ ಶಿಕ್ಷಣ ಕೊಡಬೇಕೆಂದು ಹೇಳುತ್ತದೆ, ಸಂವಿಧಾನದ 350ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯುವಂತೆ ರಾಜ್ಯ ನೋಡಿಕೊಳ್ಳಬೇಕೆನ್ನುತ್ತದೆ. ಎರಡನ್ನೂ ಸೇರಿಸಿ ಓದಿದರೆ ನಮ್ಮ ಮಕ್ಕಳಿಗೆ ಕನ್ನಡ ಬಲ್ಲ ವಿಶೇಷ ಅಧ್ಯಾಪಕರು ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಸದ್ಯಕ್ಕೆ ಅಭ್ಯಾಸದ ಹಾಳೆಗಳನ್ನು ತರಗತಿಯ ಅಧ್ಯಾಪಿಕೆ ಕನ್ನಡದಲ್ಲಿ ಸಿದ್ಧಪಡಿಸಿಕೊಡುತ್ತಿದ್ದಾರೆ. ಕನ್ನಡದಲ್ಲಿ ವಾಕ್ ಚಿಕಿತ್ಸೆ ಬೇಕಾದಾಗ ನಾವು ಮಂಗಳೂರಿಗೆ ಹೋಗುತ್ತೇವೆ, ರಜೆಯಲ್ಲಿ 1965ರಿಂದ ಕೆಲಸ ಮಾಡುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತೇವೆ. ಬಸ್ಸಿನ ಖರ್ಚಿಗೂ ಕಷ್ಟಪಡುವ ಮನೆಗಳಿಗೆ ಇದು ಸಾಧ್ಯವಿಲ್ಲದ ಮಾತು.

ಪರೀಕ್ಷೆಯ ಬಗ್ಗೆ ಅದೇ 2016ರ ಕಾಯ್ದೆಯ 17ನೆಯ ಪ್ರಕರಣ ಹೆಚ್ಚಿನ ಸಮಯವನ್ನೂ ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿಯನ್ನೂ ಹೆಸರಿಸಿ ಹೇಳುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ, ಮಲಯಾಳ ಇಷ್ಟನ್ನೂ ಎದುರಿಸುವ ಗಡಿನಾಡಿನ ಮಗುವಿಗೆ ವಿನಾಯಿತಿ ದೊಡ್ಡ ಉಪಕಾರವೆನಿಸಬಹುದು. ಆದರೂ ಅದನ್ನು ಶಾಲೆ ತನ್ನ ಅನುಕೂಲಕ್ಕಾಗಿ ಮುಂದಿಡಬಾರದು, ತೀರ್ಮಾನ ಮಗು ಮತ್ತು ಮನೆಯವರದಾಗಿರಬೇಕು. ಕೇರಳದಲ್ಲೇ ಬದುಕಬೇಕಾದ ನನ್ನ ಮಗಳಿಗೆ ಮಲಯಾಳ ಓದಿ ಬರೆಯಲು ಬರಬೇಕೆಂಬುದು ನನ್ನ ಆಸೆ, ಅವಳದೂ ಹೌದು. ಆದ್ದರಿಂದ ಭಾಷೆಯನ್ನು ಬಿಡದೆ, ಕೇಳಿ ಬರೆಯುವ ಮತ್ತು ಮೌಖಿಕ ಪರೀಕ್ಷೆಗಳನ್ನು ಮಾತ್ರ ಲಿಖಿತ ರೂಪಕ್ಕೆ ಬದಲಿಸಿಕೊಡಿ ಎಂದು ಕೇಳಿದೆವು.

ಬರುವ ಜೂನಿನಲ್ಲಿ ಅವಳು ಎಂಟನೆಯ ತರಗತಿಗೆ, ಬೇರೆ ಹೈಸ್ಕೂಲಿಗೆ ಹೋಗುತ್ತಾಳೆ. ಅಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬರು ಅಧ್ಯಾಪಕರು, ಪೀರಿಯಡ್ ಬದಲಾದಂತೆ ದನಿಯೂ ಬದಲಾಗುತ್ತದೆ, ಮೈಕ್ ಕೈಯಿಂದ ಕೈಗೆ ಸಾಗಬೇಕಾಗುತ್ತದೆ. ಕೊಠಡಿ ಹಂಚಿಕೆ ಮತ್ತು ವೇಳಾಪಟ್ಟಿ ಶಾಲೆ ತೆರೆಯುವ ಮೊದಲೇ ತೀರ್ಮಾನವಾಗುವುದರಿಂದ ಅಲ್ಲಿಯ ಮುಖ್ಯೋಪಾಧ್ಯಾಯರನ್ನು ಬೇಸಿಗೆ ರಜೆಗೆ ಮುಂಚೆಯೇ ಕಂಡು, ಈಗಿನ ತರಗತಿಯ ಅಧ್ಯಾಪಿಕೆ ತಮ್ಮ ಅನುಭವದಿಂದ ಬರೆದುಕೊಟ್ಟ ಒಂದು ಪುಟವನ್ನು ಕೊಟ್ಟು ಬಂದಿದ್ದೇನೆ. ಪ್ರತಿಯೊಬ್ಬ ವಿಷಯ ಅಧ್ಯಾಪಕರಿಗೂ ಅದರ ಪ್ರತಿ ತಲುಪಬೇಕೆಂದು ಕೇಳಿದ್ದೇನೆ. ಮುಖ್ಯರಸ್ತೆಯ ಕಡೆಯ ಕೊಠಡಿಯನ್ನು ಅವಳ ಡಿವಿಷನ್‌ಗೆ ಕೊಡಬಾರದೆಂಬ ಕೋರಿಕೆ ಆ ಪುಟದ ಮೊದಲ ಸಾಲಿನಲ್ಲಿದೆ.